ಊರಿಗೆ ಹೊರಟ ಗಂಟುಮೂಟೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿಗೆ ಹೊರಡುವುದೆಂದರೆ ಬರಿಯ ಪ್ರಯಾಣವಲ್ಲ. ಅದೊಂದು ಸಿದ್ಧತೆಯ ಪರ್ವ. ಏಪ್ರಿಲ್ ತಿಂಗಳಿನ ಪರೀಕ್ಷೆಗಳು ಮುಗಿಯುವ ಮೊದಲೇ ಮಂಚದ ಕೆಳಗಿನ ಪೆಟ್ಟಿಗೆಗಳು ಹೊರಬರುತ್ತವೆ. ಹಗ್ಗಗಳು ಬಿಸಿಲಿಗೆ ಬೀಳುತ್ತವೆ. ಯಾರಿಗೆ ಯಾವ ಸೀರೆ, ಯಾವ ಮಗುವಿಗೆ ಯಾವ ಅಳತೆಯ ಅಂಗಿ ಎಂಬ ಚರ್ಚೆ ರಾತ್ರಿಯ ಊಟದ ಹೊತ್ತಿನಲ್ಲಿ ನಡೆಯುತ್ತದೆ. ಹೋಗುವಾಗ ಬಟ್ಟೆ, ಸಾಬೂನು, ಬಿಸ್ಕತ್ತು, ಸಿಹಿ. ಬರುವಾಗ ತೆಂಗಿನಕಾಯಿ, ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾಧ್ಯವಾದರೆ ಗೋಣಿಯಲ್ಲಿ ಹೊಲಿದ ಒಂದು ಹಲಸಿನ ಹಣ್ಣು. ಈ ಹಣ್ಣಿನ ಪರಿಮಳವನ್ನು ಸಹಪ್ರಯಾಣಿಕರಿಂದ ಬಚ್ಚಿಡಬಲ್ಲ ಗೋಣಿ ಇನ್ನೂ ಹುಟ್ಟಿಲ್ಲ.

ನಮ್ಮ ಹಿರಿಯರು ವಾಹನಕ್ಕೆ ತಕ್ಕಂತೆ ಗಂಟು ಕಟ್ಟುತ್ತಿದ್ದರು. ಕರಾವಳಿಯ ಹಡಗನ್ನು ನಂಬಿದವರಿಗೆ ಮಳೆಗಾಲದಲ್ಲಿ ದಾರಿಯೇ ಇರಲಿಲ್ಲ. ಆದುದರಿಂದ ಅವರ ಪೆಟ್ಟಿಗೆ ತಿಂಗಳುಗಳ ಲೆಕ್ಕದಲ್ಲಿ ತುಂಬುತ್ತಿತ್ತು. ನನ್ನ ಅಮ್ಮ ಮದುವೆಯಾಗಿ 1964ನೆಯ ಇಸವಿಯಲ್ಲಿ ಕೋಟೇಶ್ವರದಿಂದ ಮುಂಬಯಿಗೆ ಬಂದದ್ದು ಹುಬ್ಬಳ್ಳಿಯ ವರೆಗೆ ಬಸ್ಸಿನಲ್ಲಿ, ಅಲ್ಲಿಂದ ಪುಣೆಯ ತನಕ ಮೀಟರ್ ಗೇಜಿನ ರೈಲಿನಲ್ಲಿ, ಪುಣೆಯಲ್ಲಿ ಗಾಡಿ ಬದಲಿಸಿ ಬ್ರಾಡ್ ಗೇಜಿನಲ್ಲಿ. ದಾರಿಯಲ್ಲಿ ನಾಲ್ಕು ಬಾರಿ ಎತ್ತಿ ಇಳಿಸಬೇಕಾದ ಪೆಟ್ಟಿಗೆಯು ಹೆಂಗಸೊಬ್ಬಳು ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಗಿರಬೇಕೆಂದು ನನ್ನ ಅಜ್ಜಿ ವಿಧಿಸಿದ್ದರಂತೆ. ಆಮೇಲೆ ಮುಂಬಯಿಯಿಂದ ಮಂಗಳೂರಿಗೆ ನೇರ ಬಸ್ಸುಗಳು ಬಂದವು. ಗಂಟುಗಳು ಬಸ್ಸಿನ ನೆತ್ತಿಯನ್ನೇರಿದವು. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಎರಡು ಹಗಲುಗಳ ದಾರಿ ಒಂದು ರಾತ್ರಿಗೆ ಇಳಿಯಿತು. ಗಂಟುಗಳು ಸೀಟಿನ ಕೆಳಗೆ ತೂರಿದವು. ಈಗಿನ ಮಕ್ಕಳು ಊರಿಗೆ ಹೊರಡುವುದಕ್ಕೆ ಒಂದು ಬೆನ್ನಚೀಲ ಸಾಕೆನ್ನುತ್ತಾರೆ. ಅವರ ಮಾತು ತಪ್ಪಲ್ಲ. ಆದರೆ ಅವರು ಹಿಂದಿರುಗಿ ಬರುವವರು.

ಹಿಂದಿರುಗದವರ ಗಂಟನ್ನು ಕಟ್ಟುವ ಕೆಲಸ 2023ರ ಮೇ ತಿಂಗಳಲ್ಲಿ ನನ್ನ ಪಾಲಿಗೆ ಬಂದಿತು. ಅದರ ವಿಚಾರವನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಅಮ್ಮನಿಗೆ ಆಗ ಎಪ್ಪತ್ತೊಂಬತ್ತು ವರ್ಷ. ಆ ಚಳಿಗಾಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು; ಶಸ್ತ್ರಚಿಕಿತ್ಸೆಯಾಗಿ, ಊರುಗೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವ ಮಟ್ಟಿಗೆ ಚೇತರಿಸಿಕೊಂಡಿದ್ದರು. ಅದೇ ಹೊತ್ತಿಗೆ ವಡಾಲಾದ ನಮ್ಮ ಹಳೆಯ ಚಾಳನ್ನು ಕೆಡವಿ ಹೊಸ ಕಟ್ಟಡ ಕಟ್ಟುವುದೆಂದು ನಿಶ್ಚಯವಾಗಿ, ಜೂನ್ ಒಳಗೆ ಖೋಲಿ ಬಿಟ್ಟುಕೊಡಬೇಕಾಗಿತ್ತು. ಹೊಸ ಮನೆ ಸಿದ್ಧವಾಗುವ ತನಕ ನಾವು ಡೊಂಬಿವಿಲಿಯಲ್ಲಿ ಬಾಡಿಗೆಗೆ ಹಿಡಿದದ್ದು ಲಿಫ್ಟ್ ಇಲ್ಲದ ಮೂರನೆಯ ಮಾಳಿಗೆ. ಅಮ್ಮ ಆ ಮೆಟ್ಟಿಲುಗಳ ವಿಚಾರವನ್ನು ಕೇಳಿ, ಯಾರೂ ಹೇಳದೆಯೇ ತೀರ್ಮಾನ ಮಾಡಿದರು: “ನಾನು ಊರಿಗೆ ಹೋಗುತ್ತೇನೆ. ಅಣ್ಣನ ಮನೆ ನೆಲಮಟ್ಟದಲ್ಲಿದೆ. ಕಟ್ಟಡ ಏಳುವ ತನಕ ಕಾಯುವ ಆಯುಸ್ಸು ನನಗಿದ್ದರೆ ಆಗ ನೋಡೋಣ.” ಅಣ್ಣ ಎಂದರೆ ನನ್ನ ಅಣ್ಣ, ಕೋಟೇಶ್ವರದಲ್ಲಿ ತೋಟ ನೋಡಿಕೊಂಡಿದ್ದಾನೆ.

ಆದರೆ ಹೋಗುವುದು ಹೇಗೆ? ರೈಲಿನ ಎತ್ತರದ ಮೆಟ್ಟಿಲು, ಅಲುಗಾಡುವ ಶೌಚಗೃಹ. ಬಸ್ಸಿನಲ್ಲಿ ಅದೂ ಇಲ್ಲ. ಬಹಳ ಹೊತ್ತು ಕಾಲು ಇಳಿಬಿಟ್ಟು ಕುಳಿತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಎರಡು ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿಸಬೇಕು, ಉಳಿದ ಹೊತ್ತು ಮಲಗಿಸಿಯೇ ಕರೆದೊಯ್ಯಬೇಕು ಎಂದು ವೈದ್ಯರು ಹೇಳಿದ್ದರು. ಆಗ ಪುಣೆಯಲ್ಲಿರುವ ಅಕ್ಕನ ಮಗ ಒಂದು ಉಪಾಯ ತಂದ. ಮಲಗುವ ಮಂಚ, ಪುಟ್ಟ ಅಡಿಗೆಕಟ್ಟೆ, ನೀರಿನ ತೊಟ್ಟಿ, ಶೌಚಗೃಹ ಎಲ್ಲವೂ ಒಳಗೇ ಇರುವ ಕ್ಯಾರವಾನ್ ಎಂಬ ವಾಹನ ಬಾಡಿಗೆಗೆ ದೊರೆಯುತ್ತದೆಯೆಂದೂ, ಮಹಾರಾಷ್ಟ್ರ ಸರಕಾರ 2021ರಲ್ಲಿ ಅದಕ್ಕಾಗಿಯೇ ಒಂದು ಪ್ರವಾಸ ನೀತಿಯನ್ನು ಹೊರಡಿಸಿದೆಯೆಂದೂ ಹೇಳಿದ. ಅಮ್ಮ ಅದಕ್ಕೆ ಒಡನೆಯೇ ‘ಮನೆಗಾಡಿ’ ಎಂದು ಹೆಸರಿಟ್ಟರು. ನಾನೂ ಹಾಗೆಯೇ ಕರೆಯುತ್ತೇನೆ.

ಇಂಥ ಗಾಡಿ ಹೊಸತೇನಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾ ವೈದ್ಯರು 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕೇವಲ ವಿಹಾರಕ್ಕಾಗಿ ಒಂದು ಮನೆಗಾಡಿಯನ್ನು ಕಟ್ಟಿಸಿದರು. ‘ವಾಂಡರರ್’ ಎಂಬ ಹೆಸರಿನ ಆ ಗಾಡಿ ಸುಮಾರು ಎರಡು ಟನ್ ತೂಗುತ್ತಿತ್ತು. ಎಳೆಯುವುದಕ್ಕೆ ಎರಡು ಕುದುರೆಗಳು. ಬೆಟ್ಟದ ದಾರಿಯಲ್ಲಿ ಒಡೆಯನ ಪ್ರತಿಯೊಂದು ಪುಸ್ತಕದ ಭಾರವನ್ನೂ ಆ ಕುದುರೆಗಳು ಲೆಕ್ಕ ಹಾಕಿರಬೇಕು. ನಮ್ಮಲ್ಲಿ ಉಪ್ಪು ಧಾನ್ಯಗಳನ್ನು ಎತ್ತುಗಳ ಬೆನ್ನಿನ ಮೇಲೆ ಹೇರಿ ಘಟ್ಟಗಳನ್ನು ದಾಟುತ್ತಿದ್ದ ಲಂಬಾಣಿಗಳು ಈ ಲೆಕ್ಕವನ್ನು ಅದಕ್ಕೂ ಬಹು ಹಿಂದೆಯೇ ಬಲ್ಲವರು. ಎಡದ ಹೇರು ಬಲದ ಹೇರಿಗೆ ಸಮನಾಗದಿದ್ದರೆ ಎತ್ತು ನಾಲ್ಕು ಮೈಲಿ ಹೋಗುವುದರೊಳಗೆ ಕುಂಟುತ್ತದೆ.

ಮನೆಗಾಡಿಯ ಚಾಲಕರು ಒಂದು ವಾರ ಮೊದಲೇ ಬಂದು ನಮ್ಮ ಖೋಲಿಯನ್ನು ನೋಡಿಹೋದರು. ಸಾತಾರೆಯ ಕಡೆಯವರು, ಮಿತಭಾಷಿ. “ಮನುಷ್ಯರು ಮತ್ತು ನೀರನ್ನು ಬಿಟ್ಟು 250 ಕಿಲೋ. ಅದಕ್ಕೆ ಮೇಲೆ ಒಂದು ಚಮಚವೂ ಬೇಡ” ಎಂದು ಮರಾಠಿಯಲ್ಲಿ ಹೇಳಿ ಚಹಾ ಕುಡಿದರು. ಆ ಬಳಿಕ ಅವರು ತಿಳಿಸಿದ ಸಂಗತಿಗಳು ನಿಮ್ಮ ವಿಜ್ಞಾನದ ಪುಸ್ತಕದಲ್ಲಿಯೂ ಇವೆ. ಆದರೆ ಅಲ್ಲಿ ಅವು ಇಷ್ಟು ಜೀವಂತವಾಗಿ ಕಾಣುವುದಿಲ್ಲ. ಭಾರವಾದ ವಸ್ತುವನ್ನು ಗಾಡಿಯ ನೆಲಕ್ಕೆ ತಾಗಿಸಿ, ಎರಡು ಅಚ್ಚುಗಳ ನಡುವೆ ಇಡಬೇಕು. ಹಿಂದಿನ ಅಚ್ಚಿಗಿಂತಲೂ ಹಿಂದೆ ಇಟ್ಟರೆ ಆ ಅಚ್ಚೇ ಸನ್ನೆಕೋಲಿನ ಆಧಾರಬಿಂದುವಾಗಿ ಮುಂದಿನ ಚಕ್ರಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಗಾಡಿಯನ್ನು ತಿರುಗಿಸುವವು ಆ ಚಕ್ರಗಳೇ ಅಲ್ಲವೇ? ನೆತ್ತಿಯ ಮೇಲೆ ಭಾರ ಹೇರಿದರೆ ಗುರುತ್ವ ಕೇಂದ್ರ ಮೇಲೇರಿ ಘಟ್ಟದ ತಿರುವಿನಲ್ಲಿ ಗಾಡಿ ವಾಲುತ್ತದೆ. ನೀರು ಲೀಟರಿಗೆ ಒಂದು ಕಿಲೋ ತೂಗುತ್ತದೆ. 100 ಲೀಟರಿನ ತೊಟ್ಟಿಯನ್ನು ತುಂಬಿಸಿದರೆ ಇಬ್ಬರು ಸಣಕಲ ಪ್ರಯಾಣಿಕರನ್ನು ಹೆಚ್ಚಾಗಿ ಕೂರಿಸಿಕೊಂಡಂತೆ. ದಾರಿಯಲ್ಲಿ ನೀರು ಸಿಗುವ ದೇಶದಲ್ಲಿ ಅರ್ಧ ತೊಟ್ಟಿ ಸಾಕು. ಕಟ್ಟದೆ ಬಿಟ್ಟ ವಸ್ತು ಗಾಡಿಯೊಡನೆ ಅದರ ವೇಗದಲ್ಲಿಯೇ ಓಡುತ್ತಿರುತ್ತದೆ. ಬ್ರೇಕು ಹಾಕಿದಾಗ ನಿಲ್ಲುವುದು ಗಾಡಿ ಮಾತ್ರ.

ಹೀಗೆ ನಮ್ಮ ಚಾಳಿನಲ್ಲಿ ತೂಕದ ಯುಗ ಪ್ರಾರಂಭವಾಯಿತು. ಬೀದಿಯ ಕೊನೆಯ ರದ್ದಿಯವನಿಂದ ಒಂದು ತಕ್ಕಡಿಯನ್ನು ಎರವಲು ತಂದೆವು. ಅವನು ಮೊದಲು ಸಂತೋಷದಿಂದಲೇ ಕೊಟ್ಟ, ಏಕೆಂದರೆ ತೂಗಿದ್ದೆಲ್ಲ ಕೊನೆಗೆ ತನ್ನ ಅಂಗಡಿಗೇ ಬರುವುದೆಂದು ಭಾವಿಸಿದ್ದ. ಅಕ್ಕನ ಮಗ ಒಂದು ವಹಿಯಲ್ಲಿ ಬರೆಯುತ್ತ ಹೋದ. ಹಾಸಿಗೆ ಮತ್ತು ಹೊದಿಕೆ 11 ಕಿಲೋ. ಅಮ್ಮನ ಬಟ್ಟೆಯ ಪೆಟ್ಟಿಗೆ 19. ಅಡಿಗೆಯ ಸಾಮಾನು 16. ದೇವರ ಮಂಟಪ 6. ನೀರು ಕಾಯಿಸುವ ತಾಮ್ರದ ಹಂಡೆ 14. ಸ್ಟೀಲು ಡಬ್ಬಗಳು, ಹೊಲಿಗೆ ಯಂತ್ರ, ಅಪ್ಪನ ಪುಸ್ತಕಗಳು—ಅಪ್ಪ ಹಗಲೆಲ್ಲ ಕೋಟೆಯ ಹೋಟೆಲೊಂದರಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು, ಪುಸ್ತಕ ಎಸೆಯುವ ಮಾತೇ ಇಲ್ಲ—ಹೀಗೆ ಸಂಖ್ಯೆಗಳು ಬೆಳೆದು 220ರ ಹತ್ತಿರ ನಿಂತವು. ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಅಮ್ಮ ಮಂಚದಿಂದಲೇ ಕೇಳಿದರು: “ಕಲ್ಲನ್ನು ತೂಗಿದಿರಾ?”

ಕಲ್ಲು ಎಂದರೆ ಅಡಿಗೆಕೋಣೆಯ ಮೂಲೆಯ ಕಡೆಯುವ ಕಲ್ಲು. ಅದು ತಕ್ಕಡಿಯನ್ನೇರಿದಾಗ ಗುಂಡೂ ಸೇರಿ 47 ಕಿಲೋ.

ಅಕ್ಕನ ಮಗ ನಕ್ಕುಬಿಟ್ಟ. “ಅಜ್ಜೀ, ಕಲ್ಲು ಕಟ್ಟಿಕೊಂಡು ಊರಿಗೆ ಹೋಗುವುದೇ? ಅಲ್ಲಿ ಕಲ್ಲಿಗೆ ಬರವೇ? ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ಕೆತ್ತಿದ್ದು ಅಲ್ಲಿಯ ಬಂಡೆಯಲ್ಲಿಯೇ. ಬೇಕಾದರೆ ನಾನು ಹೊಸದನ್ನು ಕೊಡಿಸುತ್ತೇನೆ.” ಅವನ ಲೆಕ್ಕ ಸರಿಯಾಗಿತ್ತು. ಸಾಗಿಸುವ ಖರ್ಚಿಗಿಂತ ಹೊಸ ಕಲ್ಲಿನ ಬೆಲೆ ಕಡಿಮೆ. ಮೇಲಾಗಿ ಅಣ್ಣನ ಮನೆಯಲ್ಲಿ ರುಬ್ಬುವ ಯಂತ್ರವೇ ಎರಡಿವೆ. ಅಮ್ಮ ಅವನ ಮಾತನ್ನೆಲ್ಲ ಕೇಳಿ, ನನ್ನ ಕಡೆಗೆ ತಿರುಗಿ ಕುಂದಾಪುರದ ಮಾತಿನಲ್ಲಿಯೇ ಹೇಳಿದರು: “ಮಗಾ, ಅದನ್ನ್ ಬಿಟ್ಟ್ ಹೋಪುಕ್ ಆತ್ತಿಲ್ಲೆ.”

ಈ ಕಲ್ಲಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇದು ಊರಿನಿಂದ ಬಂದದ್ದಲ್ಲ. ಮದುವೆಯಾದ ಎರಡು ವರ್ಷಗಳ ಮೇಲೆ ಅಪ್ಪ ದಾದರಿನ ಬೀದಿಬದಿಯಲ್ಲಿ ಕಲ್ಲು ಕೆತ್ತುವವರಿಂದ 11 ರೂಪಾಯಿ ಕೊಟ್ಟು ಕೊಂಡದ್ದು. ಕೈಗಾಡಿಗೆ ಕೊಡಲು ಹಣವಿಲ್ಲದೆ ಗೆಳೆಯನೊಬ್ಬನ ಸೈಕಲ್ಲಿಗೆ ಕಟ್ಟಿ ವಡಾಲಾದ ತನಕ ತಳ್ಳಿಕೊಂಡು ಬಂದರಂತೆ. ಕಪ್ಪು, ನುಣುಪು, ಭಾರ. ನಮ್ಮ ಊರಿನ ಕಡೆಯ ಬಂಡೆಯಂತೆ ಇದರಲ್ಲಿ ಬಿಳಿಯ ಹರಳುಗಳು ಮಿನುಗುವುದಿಲ್ಲ. ಮುಂಬಯಿಯ ನೆಲವೆಲ್ಲ ಈ ಕಪ್ಪುಶಿಲೆಯೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಕ್ಷಿಣ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾರಸ ತಣ್ಣಗಾಗಿ ಆದ ಬಸಾಲ್ಟ್ ಅದು. ಅಂಧೇರಿಯ ಗಿಲ್ಬರ್ಟ್ ಹಿಲ್ ಎಂಬ ಗುಡ್ಡವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮನೆಗಳ ನಡುವೆ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ನಿಂತಿರುವ ಆ ಬಂಡೆಯೂ ನಮ್ಮ ಕಲ್ಲಿನ ಕುಲದ್ದೇ. ಕೋಟೇಶ್ವರದ ಮನೆಗಳ ಗೋಡೆಯ ಕೆಂಪು ಮುರಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಎಂದರೆ, ಅಮ್ಮ ಊರಿನದೊಂದು ವಸ್ತುವನ್ನು ಊರಿಗೆ ಮರಳಿಸಹೊರಟಿರಲಿಲ್ಲ. ಮುಂಬಯಿಯ ತುಂಡೊಂದನ್ನು ಒಯ್ಯಹೊರಟಿದ್ದರು. ಐವತ್ತೊಂಬತ್ತು ವರ್ಷ ನಿಂತ ನೆಲದಿಂದ ಬೇರೆ ಏನನ್ನು ತಾನೇ ಒಯ್ಯಬಹುದು? ಖೋಲಿ ಉರುಳುತ್ತದೆ, ನಲ್ಲಿಯ ಮುಂದಿನ ಸರತಿಯ ಸಾಲನ್ನು ಪೆಟ್ಟಿಗೆಯಲ್ಲಿಡಲಾಗುವುದಿಲ್ಲ.

ಆ ಕಲ್ಲಿನ ಮೇಲೆ ಅಕ್ಕಿ ಉದ್ದುಗಳ ಹಿಟ್ಟು ರುಬ್ಬಿ, ಇಡ್ಲಿ ಮಾಡಿ, ಅಮ್ಮ ಚಾಳಿನ ಹತ್ತು ಹನ್ನೆರಡು ಮನೆಗಳಿಗೆ ಮಾರುತ್ತಿದ್ದರು. ನನ್ನ ಮತ್ತು ಅಕ್ಕನ ಕಾಲೇಜಿನ ಫೀಸು ಬಂದದ್ದು ಅಲ್ಲಿಂದ. ವರ್ಷಕ್ಕೆರಡು ಬಾರಿ ಕಲ್ಲಿಗೆ ಉಳಿ ಹೊಡೆಯುವ ಹೆಂಗಸು ಬೀದಿಯಲ್ಲಿ ‘ಟಾಕೀ, ಟಾಕೀ’ ಎಂದು ಕೂಗುತ್ತ ಬರುತ್ತಿದ್ದಳು. ಅವಳ ಮಾತಿನಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ಬೆರೆತಿದ್ದವು. ಅಮ್ಮನಿಗೂ ಅವಳಿಗೂ ಅದರಿಂದ ಏನೂ ತೊಡಕಾಗುತ್ತಿರಲಿಲ್ಲ. ಸವೆದ ಕಲ್ಲಿನ ಮೇಲೆ ಚಿಕ್ಕ ಚಿಕ್ಕ ಗುಳಿಗಳನ್ನು ಹೊಡೆದು ಅದಕ್ಕೆ ಮತ್ತೆ ಹಲ್ಲು ಬರಿಸಿ ಹೋಗುತ್ತಿದ್ದಳು.

ಅಕ್ಕನ ಮಗ ವಹಿಯನ್ನು ಮುಚ್ಚಿ ಸುಮ್ಮನಾದ. ಆದರೆ 250 ಎಂಬುದು 250ಏ. ಕಲ್ಲು ಒಳಗೆ ಬರಬೇಕಾದರೆ ಬೇರೆ ಏನೋ ಹೊರಗೆ ಹೋಗಬೇಕು. ಆ ಆಯ್ಕೆಯನ್ನು ಅಮ್ಮ ತಾವೇ ಮಾಡಿದರು. ಅವರ ಮುಖದಲ್ಲಿ ಕಿಂಚಿತ್ ಹಿಂಜರಿಕೆಯನ್ನೂ ನಾನು ಕಾಣಲಿಲ್ಲ. ತಾಮ್ರದ ಹಂಡೆ ಎದುರು ಖೋಲಿಯ ಗುಜರಾತಿ ಬೆನ್‌ಗೆ. ಹೊಲಿಗೆ ಯಂತ್ರ ಕೆಳಗಿನ ಮಾಳಿಗೆಯ ಮರಾಠಿ ಹುಡುಗಿಗೆ, ಅವಳು ಹೊಲಿಗೆ ಕಲಿಯುತ್ತಿದ್ದಾಳೆಂಬ ಕಾರಣಕ್ಕೆ. ಸ್ಟೀಲು ಡಬ್ಬಗಳು ಮೂಲೆಯ ಖೋಲಿಯ ತಮಿಳು ಮಾಮಿಗೆ. ರೇಷ್ಮೆ ಸೀರೆಗಳನ್ನು ತೂಗಿಯೂ ನೋಡದೆ ಅಕ್ಕನಿಗೂ ನನಗೂ ಹಂಚಿದರು. ಮೂರು ದಿನ ನಮ್ಮಲ್ಲಿ ಕಟ್ಟುವುದಕ್ಕಿಂತ ಹಂಚುವುದೇ ಹೆಚ್ಚಾಯಿತು. ತೆಗೆದುಕೊಂಡವರು ಬರಿಗೈಯಲ್ಲಿ ಕಳುಹಿಸಬಾರದೆಂದು ಒಬ್ಬರು ಥೇಪ್ಲಾ, ಒಬ್ಬರು ಲಾಡು, ಒಬ್ಬರು ಪುಳಿಯೋದರೆಯ ಗೊಜ್ಜು ತಂದಿಟ್ಟರು. ಹೊರಗೆ ಹೋದ ತೂಕದ ಒಂದಂಶ ಹೀಗೆ ಹಿಂಬಾಗಿಲಿನಿಂದ ಮರಳಿ ಬಂದಿತು. ತಕ್ಕಡಿಯವನು ಎರಡು ಬಾರಿ ಬಂದು ನೋಡಿ, ತನಗೇನೂ ದಕ್ಕುವುದಿಲ್ಲವೆಂದು ತಿಳಿದು ತಕ್ಕಡಿಯನ್ನು ಒಯ್ದ.

ಎಲ್ಲಕ್ಕಿಂತ ಕಠಿನವಾದದ್ದು ಔಷಧಿಯ ವಿಚಾರ. ಅಮ್ಮನಿಗೆ ಸಿಹಿಮೂತ್ರ ರೋಗವಿದೆ. ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಬೇಕು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಗಳ ನಡುವೆ ಇಡಬೇಕು. ಬಿಸಿಲಿಗೆ ಅದು ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಮನೆಗಾಡಿಯ ಚಿಕ್ಕ ಶೀತಕ ಪೆಟ್ಟಿಗೆಯಲ್ಲಿ, ಮಂಜು ಕಟ್ಟುವ ತಗಡಿಗೆ ತಾಗದಂತೆ ಬಟ್ಟೆ ಸುತ್ತಿ ಇಟ್ಟೆವು. ಬಳಕೆಯಲ್ಲಿದ್ದ ಒಂದನ್ನು ಬೇರೆಯಾಗಿ ಅಮ್ಮನ ಹಳೆಯ ಉಪಾಯದಲ್ಲಿ ಇಟ್ಟೆವು: ದೊಡ್ಡ ಮಣ್ಣಿನ ಕುಡಿಕೆಯೊಳಗೆ ಚಿಕ್ಕ ಕುಡಿಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ವಿದ್ಯುತ್ತು ಕೈಕೊಟ್ಟರೂ ಮಡಕೆ ಕೈಕೊಡುವುದಿಲ್ಲ. ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಬೇರೆ ಚೀಲಗಳಲ್ಲಿ ಇಟ್ಟೆವು. ರಕ್ತದ ಸಕ್ಕರೆ ಇಳಿದರೆ ಒಡನೆ ಬೇಕಾಗುವ ಕಲ್ಲುಸಕ್ಕರೆ ಯಾವ ಪೆಟ್ಟಿಗೆಗೂ ಸೇರದೆ ಅಮ್ಮನ ಸೆರಗಿನ ತುದಿಯಲ್ಲಿ ಗಂಟಾಯಿತು.

ಮೊದಲು ಬೇಕಾದುದನ್ನು ಕೊನೆಗೆ ಇಡಬೇಕು. ಇದು ಗಂಟು ಕಟ್ಟುವವರ ಹಳೆಯ ಸೂತ್ರ. ಪುಸ್ತಕಗಳು ಎಲ್ಲಕ್ಕೂ ಕೆಳಗೆ ಹೋದವು. ಗಂಜಿಗೆ ಬೇಕಾದ ಕುಚ್ಚಲಕ್ಕಿ, ಉಪ್ಪಿನಕಾಯಿಯ ಭರಣಿ, ಊರುಗೋಲು, ಟಾರ್ಚು ಬಾಗಿಲಿನ ಬಳಿ. ಕಲ್ಲನ್ನು ಹಳೆಯ ರಜಾಯಿಯಲ್ಲಿ ಸುತ್ತಿ, ಹಿಂದಿನ ಅಚ್ಚಿನ ಸ್ವಲ್ಪ ಮುಂದೆ ನೆಲದ ಮೇಲಿಟ್ಟು, ನೈಲಾನು ಹಗ್ಗದಿಂದ ಮಂಚದ ಎರಡು ಕಾಲುಗಳಿಗೂ ಬಿಗಿದರು. ಆ ಗಂಟನ್ನು ಚಾಲಕರು ಸ್ವತಃ ಹಾಕಿದರು, ಇನ್ನೊಬ್ಬರ ಗಂಟನ್ನು ಅವರು ನಂಬುವವರಲ್ಲ. ಕಲ್ಲಿಗೆ ಎದುರಾಗಿ ಬಲಗಡೆಯಲ್ಲಿ ಅಪ್ಪನ ಪುಸ್ತಕಗಳ ಪೆಟ್ಟಿಗೆ, ಹೇರು ಸಮನಾಯಿತು.

ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ಪ್ರಯಾಣದ ವರ್ಣನೆಯನ್ನು ಬೆಳೆಸುವುದಿಲ್ಲ; 800 ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯನ್ನು ನಿಮ್ಮಲ್ಲಿ ಎಷ್ಟೋ ಮಂದಿ ಬಲ್ಲಿರಿ. ಖಂಡಾಳೆಯ ಘಟ್ಟ ಏರುವಾಗಲೂ ಖಂಬಾಟಕಿಯ ತಿರುವಿನಲ್ಲಿಯೂ ನನ್ನ ಕಣ್ಣು ಆ ಹಗ್ಗದ ಮೇಲೆಯೇ ಇತ್ತು. ಅದು ಒಂದು ಬೆರಳಷ್ಟೂ ಸರಿಯಲಿಲ್ಲ. ನಿಪ್ಪಾಣಿಯಲ್ಲಿ ಕನ್ನಡದ ಫಲಕಗಳು ಕಾಣಿಸಿಕೊಂಡಾಗ ಅಮ್ಮ ಮಲಗಿದಲ್ಲಿಂದಲೇ ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಹೋದರು, ಟೈರಿನ ಅಂಗಡಿಯ ಫಲಕವನ್ನೂ ಬಿಡಲಿಲ್ಲ. ಆ ರಾತ್ರಿ ಬೆಳಗಾವಿಯಲ್ಲಿ ನೆಂಟರ ಅಂಗಳದಲ್ಲಿ ತಂಗಿದೆವು. ಮರುದಿನ ಯಲ್ಲಾಪುರದ ಕಾಡಿನಲ್ಲಿ ಮಧ್ಯಾಹ್ನದ ಗಂಜಿ ಕಾಯಿಸೋಣವೆಂದು ಅಕ್ಕನ ಮಗ ಹೇಳಿದಾಗ ಚಾಲಕರು ಒಪ್ಪಲಿಲ್ಲ. ಮೇ ತಿಂಗಳ ಒಣಗಿದ ತರಗೆಲೆಗೆ ಒಂದು ಕಿಡಿ ಸಾಕು. ಅರಬೈಲು ಘಟ್ಟವಿಳಿದು ಅಂಕೋಲೆ ತಲುಪಿದ ಮೇಲೆಯೇ ಒಲೆ ಹೊತ್ತಿತು. ಸಂಜೆ ಮರವಂತೆಯಲ್ಲಿ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲ್ಲಿ ಗಾಡಿ ನಿಲ್ಲಿಸಿ ಅಮ್ಮನನ್ನು ನಾಲ್ಕು ಹೆಜ್ಜೆ ನಡೆಯಿಸಿದೆವು. ಅವರು ಕಡಲನ್ನು ನೋಡಿ, “ಇದು ನಮ್ಮ ದಾದರಿನದಕ್ಕಿಂತ ಗದ್ದಲ ಹೆಚ್ಚು” ಎಂದರು.

ಕೋಟೇಶ್ವರದ ಮನೆಯಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಕಲ್ಲನ್ನು ಇಳಿಸಲು ಮೂವರು ಬೇಕಾಯಿತು. ರುಬ್ಬುವ ಯಂತ್ರಗಳೆರಡರ ಒಡತಿಯಾದ ಅತ್ತಿಗೆ ಏನೂ ಹೇಳದೆ ಹಿಂದಿನ ಜಗಲಿಯಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟು, ಮರುದಿನ ಬೆಳಿಗ್ಗೆ ಒಂದು ಹಿಡಿ ತೆಂಗಿನ ತುರಿಯನ್ನು ಅದರಲ್ಲಿ ಹಾಕಿ ಅಮ್ಮನ ಮುಂದೆಯೇ ಗುಂಡು ತಿರುಗಿಸಿದರು. ಅಮ್ಮ ಕುರ್ಚಿಯಲ್ಲಿ ಕುಳಿತು ಚಟ್ನಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಹಲ್ಲು ಸವೆದಿದೆ” ಎಂದರು. “ಇಲ್ಲಿ ಉಳಿ ಹೊಡೆಯುವವರು ಯಾರೂ ಬರುವುದಿಲ್ಲವಂತೆ. ಆ ಟಾಕಿಯವಳು ಈಗಲೂ ವಡಾಲಾ ಕಡೆಗೆ ಬರುತ್ತಾಳೋ ವಿಚಾರಿಸು, ಮಗಾ. ಅವಳ ಹತ್ತಿರ ಒಂದು ಹಳೆಯ ಉಳಿ ಇದ್ದರೆ ಕೊಂಡು, ದೀಪಾವಳಿಗೆ ಬರುವಾಗ ತಾ. ಅದೇನು ಭಾರವಾಗುವುದಿಲ್ಲ.”

ಅಕ್ಕನ ಮಗ ಜೇಬಿನಿಂದ ವಹಿಯನ್ನು ತೆಗೆದು, ಹೊಸ ಪುಟವೊಂದರಲ್ಲಿ ಬರೆದುಕೊಂಡ: ಉಳಿ, 1.